ಇಲ್ಲದ ಸ್ಲ್ಯಾಬಿನ ಮೂರು ಕ್ಯೂಬು

ಸರ್ಕಾರಿ ಕಟ್ಟಡಕ್ಕೆ ಕಲ್ಲು, ಮಣ್ಣು, ಮರ ಬಳಸಿರಿ, ಹೊಗೆಯುಗುಳುವ ಸಿಮೆಂಟು ಕಡಿಮೆ ಮಾಡಿರಿ ಎಂಬ ಸುತ್ತೋಲೆ ಬಂದಾಗ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕರು. ಸಿಮೆಂಟು ಕಾರ್ಖಾನೆಯ ವಾಡಿಯ ಪಕ್ಕದಲ್ಲಿ ಕೂತು ಸಿಮೆಂಟು ಬೇಡ ಅನ್ನುವುದೇ? ನಾನೊಬ್ಬ ನಗಲಿಲ್ಲ. ಮೂವತ್ತು ವರ್ಷ ಜೂನಿಯರ್ ಎಂಜಿನಿಯರಾಗಿ ಸ್ಲ್ಯಾಬು ಹಾಕಿಸಿ ಹಾಕಿಸಿ ಸಾಕಾಗಿತ್ತು. ನಿವೃತ್ತಿಗೆ ಮುಂಚೆ ಮಕ್ಕಳು ತಣ್ಣಗೆ ಕೂರುವಂಥ ಒಂದನ್ನಾದರೂ ಕಟ್ಟಬೇಕೆನಿಸಿತು.

ದಂಡೋತಿ ಊರಿನ ಅಂಗನವಾಡಿ ಕಟ್ಟುವ ಕೆಲಸ ಸಿಕ್ಕಿತು. ಅಲ್ಲಿನ ಕಾರ್ಯಕರ್ತೆ ಲುಂಬಿನಿ ಇಪ್ಪತ್ತು ಮಕ್ಕಳನ್ನು ತಗಡಿನ ಶೆಡ್ಡಿನಲ್ಲಿ ಕೂರಿಸುತ್ತಿದ್ದಳು. ಮುದುಕ ಬಡಗಿ ವಿಠೋಬಾ ಬೇವಿನ ತೊಲೆ, ಜಂತಿ ಕೂರಿಸಿ, ಮೇಲೆ ಶಹಾಬಾದಿನ ಫರಸಿ ಕಲ್ಲು ಹಾಸಿ, ಮಣ್ಣು ಬಡಿದು ಮಾಳಿಗೆ ಮಾಡಿಕೊಟ್ಟ. ಮಾರ್ಚಿಗೆ ಕೆಲಸ ಮುಗಿಯಿತು. ಒಳಗೆ ಕಾಲಿಟ್ಟರೆ ಜೀವಕ್ಕೆ ಹಾಯೆನಿಸುತ್ತಿತ್ತು.

ದೇವರು ಕೊಟ್ಟರೂ ಪೂಜಾರಿ ಕೊಡಲೊಲ್ಲ. ಕಡತ ನೋಡುವ ಸಾಯಬಣ್ಣ ತಕರಾರು ತೆಗೆದ.

"ಸರ, ಕ್ಯೂಬ್ ರಿಪೋರ್ಟ್ ಎಲ್ಲದರಿ?"

ಸ್ಲ್ಯಾಬಿನ ಕಾಂಕ್ರೀಟನ್ನೇ ಅಚ್ಚಿಗೆ ತುಂಬಿ, ಇಪ್ಪತ್ತೆಂಟು ದಿನ ನೀರಲ್ಲಿಟ್ಟು, ಲ್ಯಾಬಿನಲ್ಲಿ ಒಡೆಸಿ ಗಟ್ಟಿತನ ನೋಡುವುದು ನಮ್ಮ ಪದ್ಧತಿ. ಆ ತುಂಡೇ ಕ್ಯೂಬು.

"ಸ್ಲ್ಯಾಬೇ ಹಾಕಿಲ್ಲಲ್ಲೋ, ಕ್ಯೂಬ್ ಎಲ್ಲಿಂದ ತರ್ಲಿ?"

"ಫಾರಂನ್ಯಾಗ ಛತ್ ಅಂದ್ರ ಆರ್‌ಸಿಸಿ ಸ್ಲ್ಯಾಬ್ ಒಂದೇ ಅದರಿ. ಕ್ಯೂಬ್ ಇಲ್ಲಂದ್ರ ಬಿಲ್ಡಿಂಗ್ ಮುಗದಿಲ್ಲಂತ ಅರ್ಥ. ಬೀಗ ತೆಗೀಲಿಕ್ಕ ಬರಂಗಿಲ್ರಿ."

ಫಾರಂ ತಿದ್ದಿರೆಂದು ಮೇಲಿನವರಿಗೆ ಮೂರು ಪತ್ರ ಬರೆದೆ. ಗೋಡೆಗೆ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಏಪ್ರಿಲಿನಲ್ಲಿ ಶೆಡ್ಡಿನೊಳಗೆ ಒಂದು ಮಗು ಎಚ್ಚರ ತಪ್ಪಿ ಬಿತ್ತು. ಲುಂಬಿನಿ ಫೋನು ಮಾಡಿದಳು.

"ಸರ್, ಬಾಜೂಕ ತಣ್ಣನ ಮನಿಗಿ ಬೀಗ ಹಾಕಿ ಕೂಸುಗೊಳ್ನ ಸುಡಾಕತ್ತೀವಿ. ನಿಮಗ ಹೊಟ್ಟ್ಯಾಗ ಚುರ್ ಅನ್ನಂಗಿಲ್ಲೇನ್ರಿ?"

ಮರುದಿನವೇ ಹೊರಟೆ. ಬೇರೊಂದು ಸೇತುವೆ ಕೆಲಸದ ನೀರಿನ ತೊಟ್ಟಿಯಲ್ಲಿ ಹೆಚ್ಚುವರಿಯಾಗಿದ್ದ ಮೂರು ಕ್ಯೂಬು ಎತ್ತಿದೆ. ಅವುಗಳ ಮೇಲೆ 'ದಂಡೋತಿ' ಎಂದು ಬಣ್ಣದಲ್ಲಿ ಬರೆದು ಲ್ಯಾಬಿಗೆ ಕಳಿಸಿದೆ. ಪಾಸಾದವು. ಫಾರಂನಲ್ಲಿ 'ಛಾವಣಿ: ಆರ್‌ಸಿಸಿ' ಎಂದು ತುಂಬಿ ಸಹಿ ಹಾಕಿದೆ. ನಾಚಿಕೆಯಾಯಿತು.

ಬೀಗ ತೆಗೆದ ದಿನ ವಿಠೋಬಾ ಕೇಳಿದ: "ಸಾಹೇಬ್ರ, ನಿಮ್ಮ ಕಾಗದದಾಗ ನನ್ನ ಜಂತಿ ಅವೇನ್ರಿ?"

"ಕಾಗದದಾಗ ಇಲ್ಲ ಕಾಕಾ. ಕೂಸುಗೊಳ ತಲಿ ಮ್ಯಾಲ ಅವ."

ಅವನು ತಲೆಯೆತ್ತಿ ಜಂತಿಗಳನ್ನೊಮ್ಮೆ ಎಣಿಸಿದ.

ತಿಂಗಳೊಪ್ಪತ್ತಿನಲ್ಲಿ ನನಗೆ ನೋಟಿಸು ಬಂತು. ಸುತ್ತೋಲೆಯಂತೆ ಕಲ್ಲು-ಮರದಲ್ಲಿ ಕಟ್ಟಿದ ಕಟ್ಟಡ ನಿಮ್ಮ ವ್ಯಾಪ್ತಿಯಲ್ಲಿ ಒಂದೂ ಇಲ್ಲ. ಆಸಕ್ತಿ ತೋರದ್ದಕ್ಕೆ ಕಾರಣ ತಿಳಿಸಿರಿ ಎಂದಿತ್ತು. ಎಲ್ಲೂ ಯಾರೂ ಕಟ್ಟದಿದ್ದರೆ ಸುತ್ತೋಲೆಯನ್ನೇ ಹಿಂಪಡೆಯುತ್ತಾರಂತೆ.

"ನಿಜ ಬರದ್ರ ಮತ್ತ ಬೀಗ ಬೀಳ್ತದರಿ," ಎಂದ ಸಾಯಬಣ್ಣ. ಅದು ನನಗೂ ಗೊತ್ತಿತ್ತು.

ಕಾಗದ ಹಿಡಿದು ದಂಡೋತಿಗೆ ಹೋದೆ. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಇಪ್ಪತ್ತು ಮಕ್ಕಳು ಜಂತಿಯ ಕೆಳಗೆ ಮೈಮರೆತು ಮಲಗಿದ್ದವು. ಬಾಗಿಲ ಬಳಿ ಕೂತು, 'ಆಸಕ್ತಿ ತೋರಿರುವುದಿಲ್ಲ, ಕ್ಷಮಿಸಬೇಕು' ಎಂದು ಬರೆದು ಸಹಿ ಹಾಕಿದೆ.