ಕತ್ತಲೆ ತಿನ್ನುವ ಪ್ರಾಣಿ

ಒಂದು ಊರಿನಲ್ಲಿ ಕತ್ತಲೆ ತಿಂದು ಬದುಕುವ ಪ್ರಾಣಿಯೊಂದು ಇತ್ತಂತೆ. ಕಡಲು ದಾಟಿ ಹಡಗಿನಲ್ಲಿ ಬಂದದ್ದಂತೆ. ಅದಕ್ಕೆ ಎರಡು ದೊಡ್ಡ ಚಕ್ರ, ಒಂದೇ ಒಂದು ಎದೆ. ಕುಡಿಯಲು ಒಂದಿಷ್ಟು ಎಣ್ಣೆ, ಒಂದಿಷ್ಟು ನೀರು ಕೊಟ್ಟರೆ ಸಾಕು, ಮನೆಯ ಮೂಲೆಮೂಲೆಯ ಕತ್ತಲೆಯನ್ನೆಲ್ಲ ನೆಕ್ಕಿಬಿಡುತ್ತಿತ್ತಂತೆ.

ಆ ಪ್ರಾಣಿಯ ಎದೆಗೆ ಮೆತ್ತಿದ ತುಕ್ಕನ್ನು ವಿನೋದಾ ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಹಿಂದೆಲ್ಲ ಅದರ ಕತೆ ಹೇಳುತ್ತಿದ್ದ ಅವಳ ತಾಯಿ ಕುಶಲಕ್ಕ ಚಾವಡಿಯಲ್ಲಿ ಬಾಳೆಲೆಯ ಮೇಲೆ ಮಲಗಿದ್ದಳು. ತಲೆಯ ಬಳಿ ತೆಂಗಿನಕಾಯಿಯ ಹೋಳಿನಲ್ಲಿ ಬತ್ತಿ ಉರಿಯುತ್ತಿತ್ತು. ಬೆಳಗಿನ ಜಾವಕ್ಕೆ ಹೋದ ಜೀವ. ಬೋಳಾರದ ನೆರೆಹೊರೆಯವರೆಲ್ಲ ಬಂದು ಅಂಗಳ ತುಂಬಿದ್ದರು. ಮಗಳು ಮಾತ್ರ ಹೆಣದ ಬಳಿ ಕೂರದೆ ಎಂಜಿನ್ ಕೊಟ್ಟಿಗೆಯಲ್ಲಿ ಕೈ ಕಪ್ಪು ಮಾಡಿಕೊಂಡು ಕೂತಿದ್ದಾಳೆ ಎಂಬುದು ಅವರಲ್ಲಿ ಹಲವರಿಗೆ ಸರಿಕಂಡಿರಲಿಲ್ಲ.

"ಹುಡುಗಿಗೆ ತಲೆ ಕೆಟ್ಟಿದೆಯಾ ಎಂತ?" ಎಂದು ಯಾರೋ ಕೇಳಿದ್ದು ಕೊಟ್ಟಿಗೆಯವರೆಗೂ ಬಂತು.

ಅವಳ ಸೋದರಮಾವ ಲೋಕನಾಥ ಶೆಟ್ಟರು ಬಾಗಿಲಲ್ಲಿ ಬಗ್ಗಿ ನಿಂತರು. ಕೊಟ್ಟಿಗೆಯ ಮಾಡಿನ ಅಂಚು ಎಷ್ಟು ತಗ್ಗಿನಲ್ಲಿತ್ತೆಂದರೆ, ಒಳಗೆ ಕೂತವರಿಗೆ ಹೊರಗಿನವರ ಮುಖ ಬಗ್ಗಿದರಷ್ಟೇ ಕಾಣುತ್ತಿತ್ತು.

"ವಿನೋದಾ, ಹೊತ್ತು ಎಲ್ಲಿಗೆ ಬಂತು ನೋಡಿದ್ದೀಯಾ? ಸೂರ್ಯ ಕಂತುವ ಮೊದಲು ಬೆಂಕಿ ಆಗ್ಬೇಕು. ಗದ್ದೆ ಬದಿಯಲ್ಲಿ ಮಾವಿನ ಮರ ಕಡಿದು ಕಾಷ್ಠವೂ ಆಯ್ತು."

"ಸ್ವಲ್ಪ ತಡೀರಿ ಮಾಮಾ. ಫಿಟ್ಟರ್ ಆರ್ಥರ್ ಪೊರ್ಬುಗಳು ಎಂಜಿನ್ನಿಗೆ ಎಣ್ಣೆ ತರ್ತಾರೆ."

"ಇದು ಸಾವಿನ ಮನೆ ಮಾರಾಯ್ತಿ, ಅಕ್ಕಿಗಿರಣಿ ಅಲ್ಲ."

"ನಾನು ಅಮ್ಮನಿಗೆ ಮಾತು ಕೊಟ್ಟಿದ್ದೇನೆ."

ಶೆಟ್ಟರು ಅಕ್ಕನ ಮಗಳ ಕಣ್ಣು ನೋಡಿ ಅಂಗಳಕ್ಕೆ ಮರಳಿದರು.

*

ಪೇಟೆಗೆ ಕರೆಂಟು ಬಂದ ಹೊಸತರಲ್ಲಿ ಶೆಟ್ಟರು ಈ ಮನೆಯ ಕೋಣೆಕೋಣೆಗೂ ಬಲ್ಬು ತೂಗಿಸಿದ್ದರು. ಮೊದಲ ಮಳೆಗಾಲದ ಗಾಳಿಗೇ ಕಂಬ ಅಡ್ಡಬಿತ್ತು. ಊಟಕ್ಕೆ ಬಂದ ನೆಂಟರೊಬ್ಬರು ಚಿಮಿಣಿ ದೀಪ ಎತ್ತಿ ಬಲ್ಬನ್ನು ನೋಡಿ, "ಶೆಟ್ರೇ, ನಿಮ್ಮ ಗಾಜಿನ ಬದನೆಕಾಯಿ ಒಳ್ಳೆ ಬೆಳೆದಿದೆ," ಎಂದರು. ಶೆಟ್ಟರು ಆ ಊಟವನ್ನು ಅರ್ಧಕ್ಕೆ ಬಿಟ್ಟೆದ್ದರು. ಮರುವರ್ಷ ಮನೆಯಲ್ಲೇ ಕರೆಂಟು ಮಾಡುವ ಎಂಜಿನ್ ಬಂತು. ಹಡಗಿನಿಂದ ಮಂಜಿ ದೋಣಿಗೆ, ಮಂಜಿಯಿಂದ ಬಂದರಿನ ದಕ್ಕೆಗೆ, ದಕ್ಕೆಯಿಂದ ಚಕ್ರಕ್ಕೊಂದು ಎತ್ತಿನ ಗಾಡಿ, ಮೈಗೊಂದು ಗಾಡಿ. ಲಂಗ ಉಡುವ ವಯಸ್ಸಿನ ವಿನೋದಾ, ದೇವಸ್ಥಾನದ ಬದಿಯಿಂದ ಗಾಡಿಗಳು ತಿರುಗುವುದನ್ನು ಗೇಟಿನ ಮೇಲೆ ಹತ್ತಿ ನೋಡಿದ್ದಳು.

ಜೋಡಿಸಿಕೊಡಬೇಕಾದ ಫಿಟ್ಟರ್ ಆರ್ಥರ್‌ಗೆ ಜ್ವರ. ಕಾಯುವ ತಾಳ್ಮೆ ಶೆಟ್ಟರಿಗಿರಲಿಲ್ಲ. ಕೆಲಸದ ತುಕ್ರನನ್ನು ಕರೆದು, ದನದ ಕೊಟ್ಟಿಗೆಯ ಮಣ್ಣಿನ ನೆಲದ ಮೇಲೆ ಎರಡು ಹಲಸಿನ ತೊಲೆ ಹಾಕಿ ಅದರ ಮೇಲೆ ಕೂರಿಸಿಯೇಬಿಟ್ಟರು. ಓಡಿತು. ಬೆಳಕೂ ಬಂತು. ಆದರೆ ಮರುದಿನ ನೋಡಿದರೆ ಎಂಜಿನ್ ಒಂದು ಗೇಣು ಮುಂದೆ ಬಂದಿತ್ತು. ಅದರ ಮರುದಿನ ಇನ್ನೂ ಒಂದು ಗೇಣು. ಎಳೆದು ಹಿಂದಕ್ಕೆ ಕೂರಿಸಿದರೂ ಮತ್ತೆ ಬಾಗಿಲ ಕಡೆಗೇ. ದನಗಳು ಹಗ್ಗ ಹರಿದುಕೊಂಡು ಓಡಿದವು. ತುಕ್ರ ದೂರದಿಂದಲೇ ಕೈ ಮುಗಿದ.

"ಅದು ಹೊಳೆಗೆ ಹೊರಟಿದೆ ಅಕ್ಕಾ," ಎಂದ. "ವಾಪಸ್ ಅದರ ಊರಿಗೆ."

ಕುಶಲಕ್ಕ ನಗಲಿಲ್ಲ. ಸೆರಗು ಸಿಕ್ಕಿಸಿ ಎಂಜಿನ್ನಿನ ಎದುರು ಕುಕ್ಕರುಗಾಲಲ್ಲಿ ಕೂತು, ಹೊಸ ಸೊಸೆಯನ್ನು ನೋಡುವ ಹಾಗೆ ಬಹಳ ಹೊತ್ತು ನೋಡಿದಳು. "ಹೊರಟದ್ದಲ್ಲ. ಕೂತುಕೊಳ್ಳಲಿಕ್ಕೆ ಜಾಗ ಕೇಳ್ತಾ ಉಂಟು," ಎಂದಳು. "ದೈವಕ್ಕೆ ಕಟ್ಟೆ ಇಲ್ಲದಿದ್ರೆ ಅದು ಮನೆಯೊಳಗೆ ನಡೆಯುದಿಲ್ವಾ? ಹಾಗೆ."

ಜೋಯಿಸರನ್ನು ಕೇಳಿದರು. ಅವರೂ ಕವಡೆ ಹಾಕಿ, ಇದು ಮಣ್ಣಿನ ಮೇಲೆ ಕೂರುವ ಜಾತಿಯದಲ್ಲ, ಆಳದಿಂದ ಕಲ್ಲು ಎಬ್ಬಿಸಿ ಕೂರಿಸಿ ಎಂದರು. ದನಗಳಿಗೆ ಬೇರೆ ಕೊಟ್ಟಿಗೆಯಾಯಿತು. ಆಳೆತ್ತರ ಹೊಂಡ ತೋಡಿ, ಮುರಕಲ್ಲು ಜೋಡಿಸಿ, ಸುಣ್ಣ ಬೆಲ್ಲದ ಗಾರೆ ಹೊಯ್ದು ಕಟ್ಟೆ ಕಟ್ಟಿದರು. ಬೋಲ್ಟುಗಳನ್ನು ಗಾರೆಯಲ್ಲೇ ಹೂತರು. ತೆಂಗಿನಕಾಯಿ ಒಡೆದು, ಒಂದು ಹೇಂಟೆ ಕೊಯ್ದು, ಎಂಜಿನ್ನನ್ನು ಏರಿಸಿದರು. ಆ ಮೇಲೆ ಅದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಜ್ವರ ಬಿಟ್ಟು ಬಂದ ಆರ್ಥರ್ ಕಟ್ಟೆಯನ್ನು ಸುತ್ತಿ ನೋಡಿ, ಹೊಟ್ಟೆ ಹಿಡಿದು ನಕ್ಕು, ಆಮೇಲೆ ಸದ್ದಿಲ್ಲದೆ ಎದೆಯ ಮೇಲೆ ಶಿಲುಬೆ ಬರೆದುಕೊಂಡ. "ನಾನಾದ್ರೂ ಹೀಗೇ ಕಟ್ಟಿಸ್ತಿದ್ದೆ. ನಿಮಗೆ ಯಾರು ಹೇಳಿದ್ದು ಅಕ್ಕಾ?"

"ಅದೇ ಹೇಳಿತು," ಎಂದಳು ಕುಶಲಕ್ಕ.

*

ಆರ್ಥರ್ ಬಂದಾಗ ಬಿಸಿಲು ಮಾಡಿನ ಮೇಲಿಂದ ಜಾರತೊಡಗಿತ್ತು. ಬಂದರಿನ ಲಾಂಚಿನವರನ್ನು ಕಾಡಿ ತಂದ ಎಣ್ಣೆಯ ಡಬ್ಬ ಕೆಳಗಿಟ್ಟು, ಮೊದಲು ಚಾವಡಿಗೆ ಹೋಗಿ ಟೋಪಿ ತೆಗೆದು ಕುಶಲಕ್ಕನ ಕಾಲ ಬಳಿ ನಿಂತ. ಆಮೇಲೆ ಕೊಟ್ಟಿಗೆಗೆ ಬಂದ. ಅವನಿಗೀಗ ಸೊಂಟ ಬಗ್ಗುತ್ತಿರಲಿಲ್ಲ.

"ಯುದ್ಧ ಸುರುವಾಗಿ ಎಣ್ಣೆ ಸಿಗದೆ ನಿಂತದ್ದಲ್ವಾ ಇದು?" ಎಂದ. "ಇಷ್ಟು ವರ್ಷ ಮಲಗಿದವ ಏಳ್ಬೇಕಾದ್ರೆ ಕಷ್ಟ ಉಂಟು ಮಗಾ. ಹಳೇ ಎಣ್ಣೆ ಎಲ್ಲ ಬಸಿ."

ವಿನೋದಾ ಬಸಿದಳು. ಅವನು ಬೆರಳು ತೋರಿಸಿದಲ್ಲೆಲ್ಲ ಬಿಚ್ಚಿದಳು, ಊದಿದಳು, ಒರೆಸಿದಳು, ಮತ್ತೆ ತಿರುಪಿದಳು. ಹೊಸ ಎಣ್ಣೆ ತುಂಬಿ, ಎಂಜಿನ್ನಿನ ನೆತ್ತಿಯ ತೊಟ್ಟಿಗೆ ನೀರು ಹೊಯ್ದಳು. ತಿರುಗಿಸುವ ಹ್ಯಾಂಡಲು ಹಿಡಿಯಲು ಮೀನು ಹಿಡಿಯುವ ಮೊಗವೀರರ ಕಿಟ್ಟು ಬಂದ. ಹೊಳೆ ಬದಿಯ ದಮಯಂತಿಯ ಮಗ, ಕಂಬದಂಥ ತೋಳಿನವನು. ಹಿಂದೆ ಆ ಕೆಲಸ ತುಕ್ರನದ್ದು. ಅವನು ಬೊಂಬಾಯಿಗೆ ಹೋದವನು ಮರಳಿರಲಿಲ್ಲ. ಚಕ್ರ ನಾಲ್ಕು ಸುತ್ತು ನರಳಿತು. ಐದನೆಯದಕ್ಕೆ ಸವೆದ ಹ್ಯಾಂಡಲಿನ ಹಲ್ಲು ಜಾರಿ, ಹಿಂದಕ್ಕೆ ತಿರುಗಿ ಕಿಟ್ಟುವಿನ ಮೊಣಕೈಗೆ ಬಡಿಯಿತು. ಅವನು ಕೈ ಹಿಡಿದುಕೊಂಡು ಕೂತುಬಿಟ್ಟ.

"ಇನ್ನು ಇದರಲ್ಲಿ ಆಗ್ಲಿಕ್ಕಿಲ್ಲ," ಎಂದ ಆರ್ಥರ್. "ಇನ್ನೊಮ್ಮೆ ಜಾರಿದ್ರೆ ಯಾರದ್ದಾದ್ರೂ ತಲೆ ಒಡೀತದೆ."

ಲೋಕನಾಥ ಶೆಟ್ಟರು ಮತ್ತೆ ಬಗ್ಗಿದರು. ಈ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಸಾಕು ಮಗಾ. ನೀನು ಮಾಡುವಷ್ಟು ಮಾಡಿದಿ. ಅಕ್ಕನಿಗೆ ಗೊತ್ತಾಗ್ತದೆ. ಬಾ, ಬಾಯಿಗೆ ನೀರು ಬಿಡು. ಎತ್ತುವ."

*

ವಿನೋದಾ ಅಮ್ಮನಿಗೆ ಆ ಮಾತು ಕೊಟ್ಟದ್ದು ಹಿಂದಿನ ತಿಂಗಳು, ಕುಶಲಕ್ಕ ಹಾಸಿಗೆ ಹಿಡಿದ ಮೇಲೆ.

"ನನ್ನ ಅಜ್ಜಿ ಸತ್ತಾಗ ಕೊಟ್ಟಿಗೆಗೆ ಹೋಗಿ ದನಗಳ ಕಿವಿಯಲ್ಲಿ ಹೇಳಿದ್ರು," ಎಂದಿದ್ದಳು. "ದೈವಕ್ಕೂ ಹೇಳಿದ್ರು. ಮನೆಯಲ್ಲಿ ಉಂಡವರಿಗೆ ಹೇಳದೆ ಹೋಗ್ಬಾರದು. ನನ್ನದನ್ನು ಅದಕ್ಕೂ ಹೇಳ್ಬೇಕು."

"ಎಂಜಿನ್ನಿಗಾ? ಅದು ಮಲಗಿದೆ ಅಮ್ಮ."

"ಮಲಗಿದವರಿಗೆ ಹೇಗೆ ಹೇಳುದು? ಎಬ್ಬಿಸಿ ಹೇಳ್ಬೇಕು." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಗಂಡ ಹೋದ ಮೇಲೆ ಈ ಮನೆಯಲ್ಲಿ ನನಗೆ ಸಂಜೆ ಅಂದ್ರೆ ಹೆದರಿಕೆ, ಗೊತ್ತುಂಟಾ ನಿನಗೆ? ಯಾರಿಗೂ ಹೇಳ್ಲಿಲ್ಲ. ಕರೆಂಟು ಹೋದಾಗ ನಾನು ಅದರ ಹತ್ತಿರ ಹೋಗಿ ಕೂತುಕೊಳ್ತಿದ್ದೆ. ಡುಬ್, ಡುಬ್ ಅಂತ ಮಾತಾಡ್ತಿತ್ತು. ನನ್ನನ್ನು ಎತ್ತುವಾಗ ಅದು ಎದ್ದಿರ್ಬೇಕು ವಿನ್ನು. ಮಾಡ್ತೀಯಾ?"

ವಿನೋದಾಗೆ ತಾಯಿಯ ಹೆದರಿಕೆ ಗೊತ್ತಿರಲಿಲ್ಲ. ಅವಳು ಕಂಡದ್ದು ಮಳೆಗಾಲದ ಮುಸ್ಸಂಜೆಗಳನ್ನು. ಪೇಟೆಯಿಡೀ ಕಪ್ಪಾದಾಗ ಈ ಮನೆಯ ಜಗಲಿಯಲ್ಲಿ ಮಾತ್ರ ಹಗಲು. ಕಡಲಿಗೆ ಇಳಿಯದ ಆ ತಿಂಗಳುಗಳಲ್ಲಿ ಮೊಗವೀರರು ಬಲೆ ಹೊತ್ತು ಬಂದು, ಬೆಳಕಿನಡಿ ಸಾಲಾಗಿ ಕೂತು ಅದರ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ದಮಯಂತಿ ಮೊದಲ ಸಲ ಬಲ್ಬಿನ ಕೆಳಗೆ ತನ್ನ ಅಂಗೈ ನೋಡಿಕೊಂಡು, "ಅಯ್ಯೋ ಅಕ್ಕಾ, ನನ್ನ ಕೈ ಇಷ್ಟು ಹಳತಾಗಿದೆಯಾ!" ಎಂದಿದ್ದಳು. ಕುಶಲಕ್ಕ ಬಿದ್ದುಬಿದ್ದು ನಕ್ಕಿದ್ದಳು. ಆ ನಗುವಿನ ಹಿಂದೆ ಕತ್ತಲೆಗೆ ಹೆದರುವ ಹೆಂಗಸೊಬ್ಬಳು ಇದ್ದಳೆಂದು ಯಾರು ಎಣಿಸಿಯಾರು?

"ಮಾಡ್ತೇನೆ ಅಮ್ಮ," ಎಂದಿದ್ದಳು ವಿನೋದಾ.

*

ಚಾವಡಿಯಲ್ಲಿ ಅಳುತ್ತಿದ್ದ ದಮಯಂತಿ ಮಗನಿಗೆ ಪೆಟ್ಟಾಯಿತೆಂದು ಕೇಳಿ ಓಡಿಬಂದಳು. ಅವನ ಮೊಣಕೈ ಹಿಚುಕಿ ನೋಡಿ, "ಮುರೀಲಿಲ್ಲ, ಕೂಗ್ಬೇಡ," ಎಂದಳು. ಆಮೇಲೆ ಕಣ್ಣೊರೆಸಿಕೊಂಡು ಚಕ್ರವನ್ನು ನೋಡಿದಳು. ತನ್ನಷ್ಟೇ ಎತ್ತರದ ಚಕ್ರ.

"ಪೊರ್ಬುಗಳೇ, ಇದು ತಿರುಗಿದ್ರೆ ಸಾಕಾ? ಯಾರು ತಿರುಗಿಸಿದ್ದು ಅಂತ ಅದು ಕೇಳ್ತದಾ?"

"ಜೋರಾಗಿ ತಿರುಗ್ಬೇಕು. ಅಷ್ಟೇ."

"ಹಾಗಾದ್ರೆ ಒಬ್ಬನ ಕೈಯಲ್ಲಿ ಯಾಕೆ ತಿರುಗಿಸುದು? ರಂಪಣಿ ಬಲೆಯನ್ನು ಒಬ್ಬ ಎಳೀತಾನಾ? ಹಗ್ಗ ಸುತ್ತಿ. ನಾವು ಎಳೀತೇವೆ."

ಆರ್ಥರ್ ಅವಳನ್ನೂ ಚಕ್ರವನ್ನೂ ನೋಡಿ ಗಡ್ಡ ಕೆರೆದುಕೊಂಡ. "ತುದಿ ಕಟ್ಟಬಾರದು. ಎಳೆದು ಮುಗಿದ ಕೂಡಲೇ ಹಗ್ಗ ಕಳಚಿ ಬೀಳ್ಬೇಕು, ಇಲ್ಲದಿದ್ರೆ ನಿಮ್ಮನ್ನೇ ಒಳಗೆ ಎಳೆದುಕೊಳ್ತದೆ."

"ಅದನ್ನು ನಮಗೆ ಕಲಿಸ್ಬೇಡಿ, ನೀವು ಸುತ್ತಿ."

ಹೊಳೆ ಬದಿಯಿಂದ ಬಲೆಯ ಹಗ್ಗ ಬಂತು. ಚಕ್ರದ ಅಂಚಿಗೆ ಸುತ್ತಿ, ಉಳಿದದ್ದನ್ನು ಬಾಗಿಲಿನಿಂದ ಅಂಗಳಕ್ಕೆ ಬಿಟ್ಟರು. ಮೊಗವೀರ ಗಂಡಸರು, ಹೆಂಗಸರು ಸಾಲಾಗಿ ಹಗ್ಗ ಹಿಡಿದರು. ಕಿಟ್ಟು ಒಂದೇ ಕೈಯಲ್ಲಿ ಹಿಡಿದ. ವಿನೋದಾ ಒಳಗೆ ಎಂಜಿನ್ನಿನ ನೆತ್ತಿಯ ಪುಟ್ಟ ಹಿಡಿಯ ಮೇಲೆ ಕೈಯಿಟ್ಟಳು. ಕುಶಲಕ್ಕ ಅದನ್ನು ಉಸಿರಿನ ಹಿಡಿ ಎನ್ನುತ್ತಿದ್ದಳು. ಅದು ಮೇಲಿದ್ದರೆ ಎದೆ ಖಾಲಿ, ಚಕ್ರ ಹಗುರ. ಕೆಳಗೆ ಬಿಟ್ಟರೆ ಪ್ರಾಣಿ ಉಸಿರು ಕಟ್ಟುತ್ತದೆ, ಕಟ್ಟಿದ ಉಸಿರಿನಲ್ಲೇ ಬೆಂಕಿ ಹತ್ತುತ್ತದೆ.

"ನಾನು ಹೇಳಿದಾಗ ಬಿಡು," ಎಂದ ಆರ್ಥರ್.

"ಹೋ... ಹೋಯ್!" ಎಂದು ದಮಯಂತಿ ಕೂಗಿದಳು. ಸಾಲು ಹಿಂದಕ್ಕೆ ವಾಲಿತು.

"ಸಾವಿನ ಮನೆಯಲ್ಲಿ ಬೊಬ್ಬೆ ಹಾಕ್ಬೇಡಿ ಮಾರಾಯ್ರೇ!" ಎಂದರು ಶೆಟ್ಟರು.

"ಬಾಯಿ ಮುಚ್ಚಿ ಎಳೆದ್ರೆ ಬೂತಾಯಿ ಮೀನೂ ಬರುದಿಲ್ಲ ಧಣಿ!"

ಚಕ್ರ ತಿರುಗಿತು, ಹಗ್ಗ ಕಳಚಿ ಬಿತ್ತು. "ಬಿಡು!" ವಿನೋದಾ ಬಿಟ್ಟಳು. ಎಂಜಿನ್ ಒಮ್ಮೆ ಕೆಮ್ಮಿತು. ಬಿಳಿ ಹೊಗೆಯೊಂದು ಎದ್ದು, ಚಕ್ರ ನಿಧಾನವಾಗಿ ನಿಂತಿತು. ಹೊಳೆಯಾಚೆ ಬಿಸಿಲು ಕೆಂಪಾಗುತ್ತಿತ್ತು.

"ಕೆಮ್ಮಿತಲ್ಲ," ಎಂದ ಆರ್ಥರ್ ಮೆಲ್ಲನೆ. "ಒಳಗೆ ಜೀವ ಉಂಟು. ಇನ್ನೂ ಸ್ವಲ್ಪ ಬಲ ಬೇಕಿತ್ತು."

ಆಗ ಲೋಕನಾಥ ಶೆಟ್ಟರು ಹೆಗಲಿನ ಶಾಲು ತೆಗೆದು ತುಳಸಿಕಟ್ಟೆಯ ಮೇಲಿಟ್ಟರು. ಹಗ್ಗದ ಸಾಲಿನಲ್ಲಿ ಕಿಟ್ಟುವಿನ ಹಿಂದೆ ಹೋಗಿ ನಿಂತರು. ಅದನ್ನು ನೋಡಿ ಜಗಲಿಯಲ್ಲಿ ಕೂತಿದ್ದ ನೆಂಟರು ಎದ್ದರು. ಚಟ್ಟ ಕಟ್ಟುತ್ತಿದ್ದವರೂ ಬಿದಿರು ಕೆಳಗಿಟ್ಟು ಬಂದರು. ಚಕ್ರಕ್ಕೆ ಮತ್ತೆ ಹಗ್ಗ ಸುತ್ತಿಯಾಯಿತು, ವಿನೋದಾ ಉಸಿರಿನ ಹಿಡಿಯನ್ನು ಮೇಲಕ್ಕೆತ್ತಿದಳು.

"ಕೂಗು ದಮಯಂತಿ," ಎಂದರು ಶೆಟ್ಟರು.

ಅವಳು ಕೂಗಿದಳು. ಆ ಕೂಗಿನಲ್ಲಿ ಅಳುವೂ ಇತ್ತು. ಕಡಲನ್ನೇ ದಡಕ್ಕೆ ಎಳೆಯುವವರ ಹಾಗೆ ಅಷ್ಟೂ ಮಂದಿ ಹಿಂದಕ್ಕೆ ಬಿದ್ದರು. ಚಕ್ರದ ಕಡ್ಡಿಗಳು ಕರಗಿ ಹೊಗೆಯಂತಾದವು.

"ಬಿಡು!"

ನೆಲದೊಳಗಿನಿಂದ ಯಾರೋ ಗುದ್ದಿದ ಹಾಗೆ ಒಂದು ಶಬ್ದ. ಆಮೇಲೆ ಬಹಳ ಹೊತ್ತು ಏನೂ ಇಲ್ಲವೆನ್ನುವಷ್ಟರಲ್ಲಿ ಇನ್ನೊಂದು. ಡುಬ್. ಡುಬ್. ಮಾಡಿನ ಹಂಚುಗಳಿಂದ ವರ್ಷಗಳ ಧೂಳು ಉದುರಿತು. ಬೆಲ್ಟು ಹರಿದಾಡಿ ಡೈನಮೋ ಗುಂಯ್ಗುಟ್ಟಿತು. ಚಾವಡಿಯಲ್ಲಿ ಕುಶಲಕ್ಕನ ಮುಖದ ನೇರ ಮೇಲಿನ ಬಲ್ಬು ಮೊದಲು ಕೆಂಡದ ಹಾಗೆ, ಆಮೇಲೆ ಹಣ್ಣಿನ ಹಾಗೆ, ಆಮೇಲೆ ನೋಡಲಾಗದಷ್ಟು ಬೆಳ್ಳಗೆ ಬೆಳಗಿತೆಂದು ಒಳಗಿದ್ದ ಹೆಂಗಸರು ಕೂಗಿ ಹೇಳಿದರು. ಅಂಗಳದಲ್ಲಿ ಹಗ್ಗ ಹಿಡಿದವರೆಲ್ಲ ಬಿದ್ದಲ್ಲೇ ಕೈ ಮುಗಿದಿದ್ದರು. ಯಾರಿಗೆಂದು ಅವರಿಗೂ ಗೊತ್ತಿರಲಿಲ್ಲ.

ವಿನೋದಾ ಏಳಹೊರಟಳು. ಅಷ್ಟರಲ್ಲಿ ಬಡಿತ ತಡವರಿಸಿತು.

"ಏಳ್ಬೇಡ!" ಎಂದ ಆರ್ಥರ್. "ಎಣ್ಣೆಯ ಸರಳು ತುಕ್ಕಿಗೆ ಹಿಡಿದುಕೊಳ್ತಾ ಉಂಟು. ಹೆಬ್ಬೆರಳಲ್ಲಿ ಒತ್ತಿ ಹಿಡಿ. ಬಿಟ್ಟರೆ ನಿಲ್ತದೆ. ನನ್ನ ಕೈ ನಡುಗ್ತದೆ ಮಗಾ, ನನ್ನಿಂದಾಗುದಿಲ್ಲ."

ಅವಳು ಒತ್ತಿ ಹಿಡಿದಳು. ಬಡಿತ ಸರಿಯಾಯಿತು.

ಶೆಟ್ಟರು ಬಾಗಿಲಿಗೆ ಬಗ್ಗಿದರು. ಅವರ ಅಂಗೈ ಕೆಂಪಾಗಿತ್ತು. "ಬಾ ಮಗಾ. ಎತ್ತುವ ಹೊತ್ತು. ಮುಖ ನೋಡು."

ವಿನೋದಾ ತನ್ನ ಹೆಬ್ಬೆರಳನ್ನು ನೋಡಿದಳು, ಮಾವನನ್ನು ನೋಡಿದಳು. ಅವರಿಗೆ ಅರ್ಥವಾಯಿತು.

"ನಾನು ನೋಡ್ತೇನೆ," ಎಂದಳು ಅವರ ಹಿಂದೆ ನಿಂತಿದ್ದ ದಮಯಂತಿ. "ನಿನ್ನ ಲೆಕ್ಕದಲ್ಲಿ ನೀರೂ ಬಿಡ್ತೇನೆ. ಮುಖ ಹೇಗಿತ್ತು ಅಂತ ಆಮೇಲೆ ಕೂತು ಹೇಳ್ತೇನೆ ಮಗಾ."

"ಎತ್ತಿ ಮಾಮಾ," ಎಂದಳು ವಿನೋದಾ. ಆಮೇಲೆ ಎಂಜಿನ್ನಿನ ಎದೆಗೆ ಬಗ್ಗಿ, "ಅಮ್ಮ ಹೊರಟ್ಳು," ಎಂದು ಹೇಳಿದಳು.

ಕೊಟ್ಟಿಗೆಯ ತಗ್ಗು ಬಾಗಿಲಿನಿಂದ ಅವಳಿಗೆ ಅಂಗಳದ ನೆಲವಷ್ಟೇ ಕಾಣುತ್ತಿತ್ತು. ಜಗಲಿಯ ಮೆಟ್ಟಿಲಿಳಿದು ನಾಲ್ವರ ಬರಿಗಾಲುಗಳು ಬಂದವು. ಮೊದಲು ಒಂದೊಂದು ಒಂದೊಂದು ಕಡೆ ತಡವರಿಸುತ್ತಿದ್ದ ಆ ಕಾಲುಗಳು ಅಂಗಳದ ನಡುವೆ ಬರುವಾಗ, ಯಾರೂ ಹೇಳದೆಯೇ, ಎಂಜಿನ್ನಿನ ಬಡಿತಕ್ಕೆ ಸರಿಯಾಗಿ ಬೀಳತೊಡಗಿದವು. ಡುಬ್, ಒಂದು ಹೆಜ್ಜೆ. ಡುಬ್, ಇನ್ನೊಂದು.

ವಿನೋದಾ ಹೆಬ್ಬೆರಳನ್ನು ಒಂದು ಕೂದಲಿನಷ್ಟು ಸಡಿಲಿಸಿದಳು. ಬಡಿತ ನಿಧಾನವಾಯಿತು. ಬಾಗಿಲಿನಾಚೆ ಕಾಲುಗಳೂ ನಿಧಾನವಾದವು.