ಕೆಮ್ಮಿದ್ದು ಚಂದ್ರಿ ಒಬ್ಬಳೇ

ಮಳೆಗಾಲ ಬಂತೆಂದರೆ ಗೋವಿಂದರಾಜನಗರದ ನಮ್ಮ ವಠಾರದಲ್ಲಿ ಬಟ್ಟೆ ಒಣಗಿಸುವುದೇ ದೊಡ್ಡ ತಲೆನೋವು. ಬಚ್ಚಲುಮನೆಯ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತೇವೆ, ಇನ್ನೇನು ಮಾಡೋಣ ಹೇಳಿ! ಜಯಮ್ಮನ ಮನೆಯಲ್ಲೂ ಹಾಗೇ. ಹೋದ ತಿಂಗಳು ಒಂದು ಬೆಳಿಗ್ಗೆ ಹಗ್ಗ ಕಳಚಿ ಹೊದಿಕೆಯೊಂದು ಒಲೆಯೊಳಕ್ಕೆ ಬಿತ್ತು. ಒಳಗಿದ್ದವಳು ಅವಳ ಐದು ವರ್ಷದ ಮಗಳು ಚಂದ್ರಿ. ಮಳೆಗೆ ಉಬ್ಬಿದ್ದ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಒದ್ದು ತೆಗೆಯುವಷ್ಟರಲ್ಲಿ ಒಳಗೆಲ್ಲ ಕಪ್ಪು ಹೊಗೆ.

ಸುಟ್ಟಿದ್ದು ಅಂಗೈ ಮಾತ್ರ. ತಣ್ಣೀರು ಸುರಿದರು. ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು.

ಅಜ್ಜಿ ಮುನಿತಾಯಮ್ಮ ಸುಮ್ಮನಿರಬೇಕಲ್ಲ! ಒಣಮೆಣಸಿನಕಾಯಿ, ಉಪ್ಪು ತಂದು ಮೊಮ್ಮಗಳಿಗೆ ದೃಷ್ಟಿ ನಿವಾಳಿಸಿ ಕೆಂಡಕ್ಕೆ ಹಾಕಿದರು.

"ನೋಡಿದ್ರಾ, ಒಂಚೂರೂ ಘಾಟಿಲ್ಲ! ಎಂಥಾ ಕೆಟ್ಟ ಕಣ್ಣು ಬಿದ್ದಿತ್ತೋ!"

ಹೌದೌದು ಎಂದು ನಾವೆಲ್ಲ ತಲೆಯಾಡಿಸಿದೆವು. ಅಷ್ಟರಲ್ಲಿ ಎದುರುಮನೆಯ ಜಗದಾಂಬಾ ಬಂದಳು. ಆಸ್ಪತ್ರೆಯಲ್ಲಿ ನರ್ಸ್ ಅವಳು.

"ಘಾಟಿಲ್ಲ ಅಂತೀರಲ್ಲಮ್ಮ, ಮತ್ತೆ ಮಗು ಯಾಕೆ ಕೆಮ್ತಾ ಇದೆ? ಮೊದ್ಲು ಆ ಕೆಂಡ ಆಚೆಗಿಡಿ."

"ಹೊಗೆ ಕುಡ್ದೈತೆ, ಕೆಮ್ದೆ ಇನ್ನೇನು? ಬಿಸಿ ಹಾಲು ಕುಡ್ಸಿ ಮಲಗ್ಸಿದ್ರೆ ಸರಿಹೋಗ್ತಾಳೆ, ಬಿಡು."

ಜಗದಾಂಬಾ ಕೇಳಿಸಿಕೊಳ್ಳಲೇ ಇಲ್ಲ. "ಚಂದ್ರಿ, ನಿನ್ನ ಹೆಸ್ರು ಹೇಳಮ್ಮ."

ಚಂದ್ರಿ ಹೇಳಿದಳು. ಅಯ್ಯೋ, ಅದೇನು ದನಿ! ಬೀದಿ ತುದಿಯ ಹಾಲಿನವನನ್ನು ಮನೆಯಿಂದಲೇ ಕೂಗಿ ಕರೆಯುವ ಹುಡುಗಿ ಅವಳು. "ಕಿರಚ್ಬೇಡ್ವೇ" ಅಂತ ಅಜ್ಜಿ ದಿನಾ ಬೈಯುತ್ತಿದ್ದರು. ಈಗ ಗೊಗ್ಗರು ದನಿ ಬಿಟ್ಟರೆ ಬೇರೇನೂ ಬರಲಿಲ್ಲ.

"ಅತ್ತು ಅತ್ತು ಗಂಟಲು ಕಟ್ಟೈತೆ," ಎಂದರು ಅಜ್ಜಿ.

ಜಯಮ್ಮ ಬೆಚ್ಚಿದಳು. "ಎಲ್ಲಿ ಅತ್ಲು, ಅತ್ತೆ? ಎತ್ಕೊಂಡು ಬಂದಾಗಿಂದ ಒಂದು ಸಲಾನೂ ಅತ್ತಿಲ್ಲ!"

ಜಗದಾಂಬಾ ಮಗುವಿನ ಮೂಗು ತೋರಿಸಿದಳು. ಒಳಗೆ ಮಸಿ. ಹುಬ್ಬು ಸೀದಿತ್ತು. ಉಗಿದ ಕಫವೂ ಕಪ್ಪು.

"ಬಿಸಿ ಹೊಗೆ ಒಳಗಡೆನೂ ಸುಟ್ಟಿರುತ್ತೆ, ಜಯಮ್ಮ. ಹೊರಗಡೆ ಬೊಬ್ಬೆ ಏಳೋ ಹಾಗೆ ಗಂಟಲು ಊದ್ಕೊಳ್ಳುತ್ತೆ. ಮಕ್ಕಳ ಉಸಿರಿನ ದಾರಿ ಮೊದ್ಲೇ ಸಣ್ಣದು, ಬೇಗ ಮುಚ್ಚಿಹೋಗುತ್ತೆ. ಹಾಲು ಗೀಲು ಏನೂ ಬೇಡ. ಏಳು, ಹೊರಡು!"

"ಮಾತಾಡ್ತಾವ್ಳಲ್ಲೇ! ಸಾಯಂಕಾಲದವರ್ಗೂ ನೋಡಣ..."

"ಸಾಯಂಕಾಲಕ್ಕೆ ಮಾತಾಡ್ದೆ ಇದ್ರೆ?"

ಅಜ್ಜಿ ಮೊಮ್ಮಗಳ ಕಡೆ ಬಾಗಿದರು. ಆಗ ಕೇಳಿಸಿತು, ಚಂದ್ರಿ ಉಸಿರೆಳೆದಾಗಲೆಲ್ಲ ಸುಯ್ ಎಂಬ ಸದ್ದು. ಆಟೋ ಎಲ್ಲಿ, ಆಟೋ ಎಲ್ಲಿ ಎಂದು ಮಾಗಡಿ ರಸ್ತೆಯವರೆಗೆ ಓಡಿದೆವು. ಖಾಲಿ ಆಟೋ ಒಂದೂ ನಿಲ್ಲಲಿಲ್ಲ. ಕೊನೆಗೆ ಸಿಕ್ಕಿದ್ದರಲ್ಲಿ ಮಗುವನ್ನು ಮಲಗಿಸದೆ, ನೆಟ್ಟಗೆ ಕೂರಿಸಿಕೊಂಡೇ ಹೋದರು. ದಾರಿಯುದ್ದಕ್ಕೂ ಜಯಮ್ಮ ಆ ಸದ್ದನ್ನೇ ಕೇಳುತ್ತಿದ್ದಳಂತೆ. ಸದ್ದಾದರೂ ಭಯ, ನಿಂತರೂ ಭಯ.

ಆಸ್ಪತ್ರೆಯಲ್ಲಿ ಚಂದ್ರಿಯ ಗಂಟಲಿಗೆ ನಳಿಗೆ ಹಾಕಿ ಆಮ್ಲಜನಕ ಕೊಟ್ಟರು. "ಇನ್ನು ಸ್ವಲ್ಪ ತಡವಾಗಿದ್ರೆ ನಳಿಗೆ ಹಾಕೋಕೂ ಜಾಗ ಇರ್ತಿರ್ಲಿಲ್ಲ," ಎಂದರು ಡಾಕ್ಟರು.

ಈಗ ಚಂದ್ರಿ ಮನೆಗೆ ಬಂದಿದ್ದಾಳೆ. ಇವತ್ತು ಬೆಳಿಗ್ಗೆ ಹಾಲಿನವನನ್ನು ಮೊದಲ ಸಲ ಕೂಗಿದಳು. ಅಜ್ಜಿ ಬಾಗಿಲಲ್ಲಿ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೂ ಜೋರಾಗಿ ಕೂಗೇ!" ಎಂದರು.

ತಾಯಂದಿರೇ, ಒಲೆಯ ಮೇಲೆ ಬಟ್ಟೆ ಹಾಕಬೇಡಿ. ಮಗು ಬೆಂಕಿಯಿಂದ, ಹೊಗೆಯಿಂದ ಹೊರಗೆ ಬಂದರೆ ಗಾಯ ಚಿಕ್ಕದೆಂದು ಸುಮ್ಮನಿರಬೇಡಿ, ಮಾತಾಡಿಸಿ ನೋಡಿ. ದನಿ ಒಡೆದಿದ್ದರೆ, ಮೂಗಿನಲ್ಲಿ ಮಸಿ ಇದ್ದರೆ, ಕೆಮ್ಮು ನಿಲ್ಲದಿದ್ದರೆ, ಉಸಿರು ಸದ್ದು ಮಾಡಿದರೆ ಆ ಗಳಿಗೆಯೇ ಆಸ್ಪತ್ರೆಗೆ ಓಡಿ. ಮುನಿತಾಯಮ್ಮನೂ ಈಗ ಎಲ್ಲರಿಗೂ ಇದನ್ನೇ ಹೇಳುತ್ತಾರೆ.