ಚೆನ್ನೆಮಣೆಗೆ ಕೂರದ ಇಬ್ಬರು

ಬೇಬಿ ಬ್ರಹ್ಮಾವರದಿಂದ ಕೋಡಿಯ ಅಜ್ಜಿಮನೆಗೆ ಬಂದು ಮೂರನೇ ತರಗತಿಗೆ ಸೇರಿದಾಗಿನಿಂದ ದಿನಕರ ಮಾಸ್ತರರಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ. ಹುಡುಗಿ ಪಾಠವೇನೋ ಒಪ್ಪಿಸುತ್ತಿದ್ದಳು, ಆದರೆ ಅಕ್ಕಪಕ್ಕದವರ ಜೊತೆ ತುಟಿ ಬಿಚ್ಚುತ್ತಿರಲಿಲ್ಲ. ಮನೆಯಲ್ಲೂ ಶಾಲೆಯ ಸುದ್ದಿ ಎತ್ತುವುದಿಲ್ಲವಂತೆ. ಆಸಾಡಿ ತಿಂಗಳು ಮುಗಿಯುವುದರೊಳಗೆ ಹೊಂದಿಕೊಳ್ಳದಿದ್ದರೆ ಶಾಲೆ ಬಿಡಿಸಿ ಮನೆಕೆಲಸಕ್ಕೆ ಹಚ್ಚುತ್ತೇನೆ ಎಂದು ಅಜ್ಜಿ ಅಮ್ಮಣಿ ದಾರಿಯಲ್ಲಿ ನಿಲ್ಲಿಸಿ ಹೇಳಿದ್ದಳು. ತಪ್ಪು ತನ್ನದೇ ಇರಬೇಕು ಎಂದು ಮಾಸ್ತರರಿಗೆ ಒಳಗೊಳಗೇ ಅನುಮಾನ.

ಮಳೆಗೆ ಅಂಗಳದ ಆಟ ನಿಂತಿತ್ತು. ಅವರು ಮನೆಯ ಅಟ್ಟದಿಂದ ಚೆನ್ನೆಮಣೆ ಇಳಿಸಿ, ಧೂಳು ಒರೆಸಿ, ಕೊಡೆಯಡಿ ಹಿಡಿದು ಶಾಲೆಗೆ ತಂದರು. ಇಬ್ಬರು ಆಡುವ ಆ ಮಣೆಯ ಗುಳಿಗಳಿಗೆ ಕಾಯಿ ತುಂಬಿಸಿ ಬೇಬಿಯನ್ನೂ ತರಗತಿಯ ಮಾತಿನಮಲ್ಲಿ ಗುಲಾಬಿಯನ್ನೂ ಕರೆದರು. ಎದುರುಬದುರು ಕೂತರೆ ಮಾತು ತಾನಾಗಿ ಹುಟ್ಟುತ್ತದೆ ಎಂಬ ಲೆಕ್ಕ.

ಇಬ್ಬರೂ ಎದ್ದು ನಿಂತರು, ಮಣೆಯ ಹತ್ತಿರ ಬರಲಿಲ್ಲ. ಗುಲಾಬಿ ತಾನು ಹಿಂದಿನ ಸಾಲಿನ ಹುಡುಗ ಶೀನನ ಜೊತೆ ಆಡುತ್ತೇನೆಂದಳು. ಬೇಬಿಯೂ ಶೀನನತ್ತಲೇ ಬೆರಳು ತೋರಿಸಿದಳು. ಶೀನ ಹಲ್ಲು ಕಿಸಿದ. ತಾನು ನಾಚಿಕೆ ಎಂದುಕೊಂಡದ್ದು ಹಗೆಯೇ ಆಗಿತ್ತಲ್ಲ ಎನಿಸಿತು ಮಾಸ್ತರರಿಗೆ.

“ಎಂತಕ್ಕೆ ಒಟ್ಟಿಗೆ ಆಡುದಿಲ್ಲ? ಜಗಳವಾ?” ಎಂದರು ಮೆತ್ತಗೆ.

ಗುಲಾಬಿ ಅವರನ್ನು ಏನೂ ಅರಿಯದ ಮಗುವನ್ನು ನೋಡುವಂತೆ ನೋಡಿದಳು. “ಅಕ್ಕ-ತಂಗಿ ಚೆನ್ನೆ ಆಡುಕಾಗ ಮಾಸ್ಟ್ರೆ. ಆಡ್ರೆ ಜಗಳ ಆತ್ತ್. ನಿಮ್ಗ್ ಗೊತ್ತಿಲ್ಯಾ?”

ಗೊತ್ತಿತ್ತು. ಅವರ ತಂಗಿಯರಿಬ್ಬರನ್ನೂ ತಾಯಿ ಎಂದೂ ಒಂದೇ ಮಣೆಗೆ ಕೂರಲು ಬಿಟ್ಟಿರಲಿಲ್ಲ. ಇವರಿಬ್ಬರು ಅಕ್ಕತಂಗಿ ಆದದ್ದು ಹೇಗೆ ಎಂದು ಕೇಳಿದರು.

“ಹೊಳಿ ಬದಿಯಂಗೆ ಕೂತ್, ಬೆಲ್ಲ ಅರ್ಧರ್ಧ ತಿಂದ್,” ಎಂದಳು ಬೇಬಿ. “ನಾನ್ ಅಕ್ಕ.”

“ಸುಳ್ಳ್. ನಾನ್ ಅಕ್ಕ.”

ದಾರಿಯುದ್ದಕ್ಕೂ ಇವರದು ಮುಗಿಯದ ಮಾತಂತೆ. ಹಾಗಾದರೆ ಇಲ್ಲೇಕೆ ಮೌನ ಎಂದರೆ, ತರಗತಿಯಲ್ಲಿ ಮಾತಾಡಿದರೆ ಬೆತ್ತ ಎಂದು ಮೊದಲ ದಿನವೇ ಹೇಳಿದವರು ಮಾಸ್ತರರು. ಉಳಿದ ಮಕ್ಕಳು ಆ ಮಾತನ್ನು ಅಂದೇ ಮರೆತಿದ್ದರು, ಬೇಬಿ ನಂಬಿದ್ದಳು. ಮಾಸ್ತರರ ಕಿವಿ ಕೆಂಪಾಯಿತು. ಬೆತ್ತ ಕಪಾಟು ಸೇರಿತು, ಬೇಬಿ ಗುಲಾಬಿಯ ಪಕ್ಕ ಸೇರಿದಳು.

ಸಂಜೆ ವಿಷಯ ತಿಳಿಸಲೆಂದು ಮಾಸ್ತರರು ಅಮ್ಮಣಿಯ ಮನೆ ಮುಟ್ಟುವ ಮೊದಲೇ ಹುಡುಗಿಯರು ಜಗಲಿ ಹತ್ತಿ, ಅಕ್ಕ ಯಾರೆಂದು ತೀರ್ಮಾನಿಸಲು ಅಜ್ಜಿಯ ಸೆರಗು ಜಗ್ಗುತ್ತಿದ್ದರು.

“ಶಾಲಿ ಬಿಡ್ಸುದಿಲ್ಲ, ಮಾಸ್ಟ್ರೆ,” ಎಂದಳು ಅಮ್ಮಣಿ, ಇಬ್ಬರಿಗೂ ಗಂಜಿ ಬಡಿಸುತ್ತ. ಅವಳ ಕಣ್ಣು ಅವರ ಕಂಕುಳಲ್ಲಿದ್ದ ಮಣೆಯ ಮೇಲೆ ಬಿತ್ತು. “ಅದನ್ನ್ ಮಾತ್ರ ಒಳ್ಗ್ ತರ್ಬೇಡಿ.”

ಮಾಸ್ತರರು ಮಣೆಯನ್ನು ಮೆಟ್ಟಿಲ ಬಳಿ ಬಿಟ್ಟು, ಕೊಡೆ ಮಡಚಿ ಒಳಗೆ ಬಂದರು. ಅಂದು ಅವರಿಗೂ ಹಸಿವಾಗಿತ್ತು.